ಅತ್ತೆಯ ದನಿ

ಮೈಕಿನ ಮುಂದೆ ನಿಲ್ಲುವ ಮೊದಲು ಶಶಿಕಲಾ ಎರಡೂ ಕೈಗಳ ಬಳೆಗಳನ್ನು ಮೇಲಕ್ಕೆ ತಳ್ಳಿ, ಅವುಗಳ ಮೇಲೆ ಒಂದೊಂದು ಕರವಸ್ತ್ರ ಸುತ್ತಿ, ತುದಿಯನ್ನು ಹಲ್ಲಿನಿಂದ ಎಳೆದು ಗಂಟು ಹಾಕಿಕೊಳ್ಳುತ್ತಿದ್ದರು. ಸದ್ದಾಗಬಾರದೆಂದು ಬೇರೆ ಹೆಂಗಸರು ಬಳೆ ತೆಗೆದಿಟ್ಟು ಬರುತ್ತಿದ್ದರು. ಇವರದು ಕೈತುಂಬ ಹಸಿರು ಗಾಜಿನ ಬಳೆ, ತೆಗೆಯುವ ಮಾತೇ ಇಲ್ಲ. ಹೊಸಬರು ನೋಡಿದರೆ ಪಾಪ, ಕೈ ಸುಟ್ಟುಕೊಂಡಿದ್ದಾರೆ ಎಂದುಕೊಳ್ಳುತ್ತಿದ್ದರು. ಹಾಗೆ ಪಟ್ಟಿ ಕಟ್ಟಿದ ಕೈಗಳನ್ನು ಸೊಂಟದ ಮೇಲಿಟ್ಟು ಅವರು ಬಾಯಿ ತೆರೆದರೆ, ಗಾಜಿನ ಈಚೆ ಕಾಲು ಚಾಚಿ ಕೂತಿದ್ದ ನಾನು ಕಾಲು ಮಡಚಿ ನೆಟ್ಟಗಾಗುತ್ತಿದ್ದೆ.

ಆರ್.ಟಿ. ನಗರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಡಬ್ಬಿಂಗ್ ಸ್ಟುಡಿಯೋ ಇದೆ. ಹಿಂದಿ ಧಾರಾವಾಹಿಗಳಿಗೆ ಕನ್ನಡದ ದನಿ ಕೂರಿಸುವ ಕೆಲಸ. ಮಾತು ಬರೆಯುವವರು, ದನಿ ಕೊಡುವವರು, ಎಲ್ಲರ ತಂಡಕ್ಕೂ ನಾನೇ ಯಜಮಾನ. ಯಾರಿಗೆ ಯಾವ ಪಾತ್ರ ಎಂದು ನಿರ್ಧರಿಸುವುದು, ಮುನಿಸಿಕೊಂಡವರನ್ನು ಸಮಾಧಾನ ಮಾಡುವುದು, ಚಾನೆಲ್‌ನವರ ಮುಂದೆ ಹಲ್ಲು ಕಿರಿಯುವುದು ನನ್ನ ಪಾಲಿಗೆ. ಮನುಷ್ಯರನ್ನು ಓದುವುದರಲ್ಲಿ ನಾನು ಗಟ್ಟಿಗ ಎಂದು ನನ್ನ ಬಗ್ಗೆ ನನಗೆ ಬಹಳ ಅಭಿಮಾನವಿತ್ತು. ಈಗ ನೆನೆದರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಶಶಿಕಲಾ ಗದಗದ ಕಡೆಯವರು. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಅಬ್ಬಿಗೆರೆಯಲ್ಲಿ ಗಂಡ, ಅತ್ತೆಯ ಜೊತೆ ಬಾಡಿಗೆ ಮನೆ. ನಮ್ಮಲ್ಲಿಗೆ ಬಂದಾಗ ಅವರು ಗುಂಪಿನ ದನಿ. ಅಂದರೆ ಪರದೆಯ ಮೇಲೆ ಮದುವೆಮನೆಯೋ ಸಂತೆಯೋ ಬಂದಾಗ ಹಿಂದೆ ಗುಜುಗುಜು ಎನ್ನುವವರಲ್ಲಿ ಒಬ್ಬರು. ಧಾರಾವಾಹಿಯ ಗಯ್ಯಾಳಿ ಅತ್ತೆ ರಾಜೇಶ್ವರಿದೇವಿಗೆ ದನಿ ಕೊಡುತ್ತಿದ್ದಾಕೆ ಗಂಟಲು ಕೆಟ್ಟು ಮನೆಯಲ್ಲಿ ಕೂತ ದಿನ, ನಮ್ಮ ಸೌಂಡ್ ಇಂಜಿನಿಯರ್ ಇಮ್ರಾನ್ ಇವರನ್ನು ಒಮ್ಮೆ ನೋಡೋಣ ಎಂದ. ನನಗೆ ನಂಬಿಕೆ ಇರಲಿಲ್ಲ. ಊಟದ ಹೊತ್ತಿಗೆ ಮೂಲೆ ಹಿಡಿದು, ರೊಟ್ಟಿ ಮುರಿದ ಸದ್ದೂ ಯಾರಿಗೂ ಕೇಳದಂತೆ ತಿನ್ನುವ ಹೆಂಗಸು ಏನು ಗದರಿಸಿಯಾರು?

ಸೊಸೆ ತಂದ ಟೀ ಕುಡಿದು ಅತ್ತೆ ಮುಖ ಸಿಂಡರಿಸುವ ದೃಶ್ಯ ಅದು. "ಈ ಟೀ ಒಂಚೂರೂ ಚೆನ್ನಾಗಿಲ್ಲ" ಎಂದು ನಾವು ಬರೆದಿದ್ದೆವು. ಶಶಿಕಲಾ ಹಾಳೆಯನ್ನು ಎರಡು ಸಲ ಓದಿ ಕೆಳಗಿಳಿಸಿದರು. ಏನಾಯಿತೆಂದು ಕೇಳಿದೆ.

"ಇದು ದೂರು ಆತ್ರಿ ಸರ್, ಬೈಗಳ ಅಲ್ಲ. ಬೈಯೋರು ಹಿಂಗ ಬೈಯಂಗಿಲ್ಲ."

ಹೇಗೆ ಬೈಯುತ್ತಾರೋ ಹಾಗೇ ಬೈಯಿರಿ ಎಂದೆ. ಅವರು ಗಂಟು ಬಿಗಿ ಮಾಡಿಕೊಂಡು, ನಾಲಿಗೆಯಿಂದ ಒಮ್ಮೆ ಲೊಚಗುಟ್ಟಿ, ಪರದೆಯ ತುಟಿಗಳಿಗೆ ಸರಿಯಾಗಿ ಕೂಡುವಂತೆ ಹೇಳಿದರು: "ಇದಕ್ಕೆ ಟೀ ಅಂತಾರಾ? ಹಂಡೆ ನೀರಿಗೆ ಬಣ್ಣ ಬಂದಿದೆ, ಅಷ್ಟೇ."

ಇಮ್ರಾನ್ ಹೆಡ್‌ಫೋನ್ ತೆಗೆದು ನನ್ನ ಕಡೆ ನೋಡಿದ. ಅಂದಿನಿಂದ ರಾಜೇಶ್ವರಿದೇವಿ ಶಶಿಕಲಾ ಅವರ ಪಾಲಾದಳು. ನಾವು ಏನೇ ಬರೆದುಕೊಟ್ಟರೂ ಅವರ ಬಾಯಲ್ಲಿ ಅದು ಬೇರೆಯೇ ಆಗಿ ಹೊರಬರುತ್ತಿತ್ತು. "ನಿಮ್ಮಮ್ಮ ಇದನ್ನೇ ಕಲಿಸಿ ಕಳಿಸಿದ್ದಾ?" ಎಂಬ ಮಾತಂತೂ ಕೆಳಗಿನ ಬೇಕರಿಯವರ ಬಾಯಿಗೂ ಹತ್ತಿಬಿಟ್ಟಿತು. ಕೆಲಸ ಮುಗಿದದ್ದೇ ಕರವಸ್ತ್ರ ಬಿಚ್ಚಿ ಮಡಚಿಟ್ಟು, ಬಳೆಗಳನ್ನು ಮಣಿಕಟ್ಟಿಗೆ ಇಳಿಸಿಕೊಂಡು, ಮತ್ತೆ ಅದೇ ಮೂಲೆಯ ಹೆಂಗಸಾಗಿ "ಬರ್ತೀನ್ರಿ ಸರ್" ಎಂದು ಹೊರಡುತ್ತಿದ್ದರು. ಸಂಜೆ ಧಾರಾವಾಹಿ ಬರುವ ಹೊತ್ತಿಗೆ ಮನೆ ಸೇರಲೇಬೇಕು ಎಂಬುದೊಂದೇ ಅವರ ಹಟ. ಅಡುಗೆಯ ಆತುರ ಇರಬೇಕೆಂದುಕೊಂಡಿದ್ದೆ.

ಇನ್ನೊಂದು ಬೇಡಿಕೆಯೂ ಇತ್ತು. ತಮ್ಮ ಹೆಸರನ್ನು ಎಲ್ಲಿಯೂ ಹಾಕಬಾರದು, ಹೇಳಬಾರದು. "ಮನ್ಯಾಗ ಗುಂಪಿನ ದನಿ ಅಂತ ಹೇಳೀನ್ರಿ. ಹಂಗಽ ಇರ್ಲಿ." ನಾನು ದೊಡ್ಡ ತಿಳಿವಳಿಕಸ್ಥನಂತೆ ತಲೆಯಾಡಿಸಿದೆ. ಪಾಪ, ಸಂಕೋಚದ ಹೆಣ್ಣುಮಗಳು, ಮನೆಯವರು ಹಳೇ ಕಾಲದವರಿರಬೇಕು, ಒಂದು ದಿನ ಇವರ ಬೆಲೆ ಅವರಿಗೆ ಗೊತ್ತಾಗುವಂತೆ ಮಾಡಬೇಕು ಎಂದು ನನ್ನೊಳಗೇ ತೀರ್ಮಾನಿಸಿಕೊಂಡೆ. ಯಾಕೆ ಎಂದು ಒಂದು ಮಾತು ಕೇಳಲಿಲ್ಲ.

ಆ ದಿನವೂ ಬಂತು. ಧಾರಾವಾಹಿ ಚೆನ್ನಾಗಿ ಓಡುತ್ತಿದೆಯೆಂದು ಕೆಂಪಾಪುರದ ಪುಟ್ಟ ಹಾಲ್ ಒಂದರಲ್ಲಿ ಸಂತೋಷಕೂಟ ಇಟ್ಟುಕೊಂಡೆವು. ಕಲಾವಿದರನ್ನು ಅವರ ಮನೆಯವರ ಎದುರಲ್ಲೇ ಸನ್ಮಾನಿಸಬೇಕೆಂಬುದು ನನ್ನ ಐಡಿಯಾ. ಶಶಿಕಲಾ ಬರುವುದಿಲ್ಲವೆಂದರೆ ಎಂದು ಮೊದಲೇ ಅವರ ಗಂಡನಿಗೆ ಫೋನ್ ಮಾಡಿ, ತಾಯಿಯನ್ನೂ ಕರೆತರಲೇಬೇಕೆಂದು ಒತ್ತಾಯ ಮಾಡಿದ್ದೆ.

ಇಮ್ರಾನ್ ಬೇಡವೆಂದ. "ಸರ್, ಅವ್ರು ಹೆಸ್ರು ಹೇಳ್ಬೇಡಿ ಅಂದಿದಾರಲ್ಲ. ಬಿಟ್ಬಿಡಿ."

"ನಿಂಗೊತ್ತಾಗಲ್ಲ ಮಗಾ," ಎಂದೆ. "ಕಲಾವಿದರಿಗೆ ಬೇಕಾಗಿರೋದು ಗುರುತಿಸೋರು. ಬೇಡ ಅಂತಾರೆ, ಒಳಗೆ ಆಸೆ ಇರತ್ತೆ."

ಚಾನೆಲ್‌ನವರು ಮುಂದಿನ ಸಾಲಿನಲ್ಲಿದ್ದರು. ನಾನು ಇಸ್ತ್ರಿ ಮಾಡಿದ ಜುಬ್ಬಾದಲ್ಲಿ ವೇದಿಕೆ ಮೇಲಿದ್ದೆ. ಈ ಮನೆಮನೆಯ ರಾಜೇಶ್ವರಿದೇವಿ ಯಾರು ಗೊತ್ತೇ ಎಂದು ರಾಗ ಎಳೆದು ಶಶಿಕಲಾ ಅವರ ಹೆಸರು ಕೂಗಿದೆ. ಅವರು ಏಳಲಿಲ್ಲ. ಚಪ್ಪಾಳೆ ಜೋರಾಯಿತು, ಅಕ್ಕಪಕ್ಕದವರು ಎಬ್ಬಿಸಿ ಕಳಿಸಿದರು. ಮೈಕ್ ಕೈಗೆ ಕೊಟ್ಟು ಆ ಟೀ ಮಾತು ಹೇಳಿ ಎಂದೆ. ಮೆಲ್ಲಗೆ ತಲೆಯಾಡಿಸಿ ಬೇಡವೆಂದರು. ನನ್ನ ಉತ್ಸಾಹ ಅಲ್ಲಿಗೂ ನಿಲ್ಲಲಿಲ್ಲ. ನಿಮ್ಮ ಕಡೆಯ ಭಾಷೆಯಲ್ಲೇ ಹೇಳಿ, ಇನ್ನೂ ಮಜಾ ಇರುತ್ತದೆ ಎಂದೆ. ಜನ ಹೋ ಎಂದರು. ಕರವಸ್ತ್ರ ಕಟ್ಟದ ಕೈಯ ಬಳೆ ಸದ್ದು ಮೈಕಿನಲ್ಲಿ ಗಿಲಿಗಿಲಿ ಕೇಳಿಸಿತು. ಪಾರಾಗಲು ಬೇರೆ ದಾರಿ ಕಾಣದೆ ಅವರು ಕಣ್ಣು ಮುಚ್ಚಿ ಹೇಳಿಬಿಟ್ಟರು.

"ಇದಕ್ಕ ಚಾ ಅಂತಾರೇನ? ಹಂಡೇದಾಗಿನ ನೀರಿಗೆ ಬಣ್ಣ ಬಂದೈತಿ, ಅಷ್ಟಽ."

ಹಾಲ್ ಎಲ್ಲ ನಗೆ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಿಂದಿನ ಸಾಲಿನಲ್ಲಿ ಇಳಕಲ್ ಸೀರೆಯ ಮುದುಕಿಯೊಬ್ಬರು ಮಾತ್ರ ನಗಲಿಲ್ಲ. ಪಕ್ಕದಲ್ಲಿದ್ದ ಮಗ, ಅಂದರೆ ಶಶಿಕಲಾ ಅವರ ಗಂಡ, ತಾಯಿಯ ಮುಖವನ್ನೇ ನೋಡುತ್ತಿದ್ದ. ಆಕೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಎದ್ದು, ಗೋಡೆ ಹಿಡಿದು ಹೊರಗೆ ನಡೆದರು. ಆಗ ನನಗೆ ಹೊಳೆಯಿತು, ಆ ಮಾತು ಯಾರದೆಂದು.

ಮರುದಿನದಿಂದ ಶಶಿಕಲಾ ಬರಲಿಲ್ಲ. ಫೋನ್ ಎತ್ತಲಿಲ್ಲ. ಸ್ಟುಡಿಯೋದಲ್ಲಿ ಉಳಿದಿದ್ದ ಅವರ ಕರವಸ್ತ್ರಗಳನ್ನು ಕೊಡುವ ನೆಪ ಮಾಡಿಕೊಂಡು ಅಬ್ಬಿಗೆರೆಗೆ ಹೋದೆ. ಬಾಗಿಲು ತೆರೆದವರು ಅವರೇ. ಗಂಡ ಕೆಲಸಕ್ಕೆ ಹೋಗಿದ್ದರು. ಕುರ್ಚಿ ಹಾಕಿ ಕೂರಿಸಿದರು. ಕ್ಷಮಿಸಿ ಎಂದೆ. ಕೊನೆಗೆ, ಮೊದಲ ದಿನವೇ ಕೇಳಬೇಕಾಗಿದ್ದುದನ್ನು ಕೇಳಿದೆ. ಹೆಸರು ಹೇಳಬಾರದು ಎಂದಿದ್ದು ಯಾಕೆ?

ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ ಹೇಳಿದರು. ದಿನಾ ಸಂಜೆ ಅತ್ತೆ ಸೊಸೆ ಒಟ್ಟಿಗೇ ಕೂತು ಧಾರಾವಾಹಿ ನೋಡುತ್ತಿದ್ದರಂತೆ. ರಾಜೇಶ್ವರಿದೇವಿ ಬಾಯಿ ತೆರೆದರೆ ಸಾಕು, ಅತ್ತೆ ಶಾಪ ಹಾಕುತ್ತಿದ್ದರಂತೆ, ಎಂಥ ಹೆಂಗಸು ಇಕಿ, ಮಂದಿ ಮಗಳನ್ನ ಹಿಂಗ ಗೋಳು ಹೊಯ್ಕೊಂತಾಳ ಅಂತ. ಟೀ ದೃಶ್ಯ ಬಂದ ರಾತ್ರಿ, ದನಿ ಯಾರದೆಂದು ತಿಳಿಯದಿದ್ದರೂ ದಿನಾ ತಾವಾಡುವ ಮಾತೇ ಅದೆಂದು ಹೊಳೆದು, ಅತ್ತೆ ಮಾತಾಡದೆ ಉಂಡು ಮಲಗಿದರು. ಮರುದಿನ ಬೆಳಿಗ್ಗೆ ಸೊಸೆ ಕೊಟ್ಟ ಚಹಾವನ್ನು ಏನೂ ಅನ್ನದೆ ಕುಡಿದರು. ಮದುವೆಯಾಗಿ ಬಂದ ಮೇಲೆ ಅದೇ ಮೊದಲು. ಆಮೇಲೆ ಒಂದೊಂದೇ ಬೈಗುಳ ಬಿಡುತ್ತಾ ಬಂದರು. ಸೊಸೆ ಬಾಯಿ ಬಿಟ್ಟು ಏನನ್ನೂ ಹೇಳಬೇಕಾಗಲಿಲ್ಲ, ಅತ್ತೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಲಿಲ್ಲ.

"ಈಗ ಆ ಹೊತ್ತಿಗೆ ಟಿವಿ ಹಚ್ಚಂಗಿಲ್ರಿ. ನನ್ನ ಬೈಯೂದಿಲ್ಲ, ಮಾತೂ ಇಲ್ಲ. ಬೈದಿದ್ರ ತಡಕೊಂತಿದ್ದೆ. ಆ ಮಂದಿ ನಕ್ಕರಲ್ರಿ, ಅದು ಅವರ ಕಿವ್ಯಾಗ ಕುಂತುಬಿಟ್ಟೈತಿ."

ನಾನು ಒಳ್ಳೆಯದನ್ನೇ ಮಾಡಲು ಹೊರಟಿದ್ದೆ ಎಂದು ತೊದಲಿದೆ.

"ನೀವು ಕೆಟ್ಟೋರಲ್ರಿ ಸರ್. ನಿಮಗ ಚಪ್ಪಾಳಿ ಬೇಕಾಗಿತ್ತು. ಎಲ್ಲಾರಿಗೂ ಅದಽ ಬೇಕು ಅಂತ ತಿಳ್ಕೊಂಡ್ರಿ."

ಸಿಟ್ಟಿಲ್ಲದೆ ಹೇಳಿದ್ದರು. ಹಾಗಾಗಿಯೇ ನನಗೆ ಕಾಲ ಕೆಳಗಿನ ನೆಲ ಬಾಯಿಬಿಡಬಾರದೇ ಎನ್ನಿಸಿತು. ಆ ವೇದಿಕೆಯಲ್ಲಿ ನನ್ನ ಕಣ್ಣು ಶಶಿಕಲಾ ಅವರ ಮೇಲಿರಲಿಲ್ಲ, ಮುಂದಿನ ಸಾಲಿನ ಮೇಲಿತ್ತು. ಪ್ರತಿಭೆಯನ್ನು ಹುಡುಕಿ ತೆಗೆಯುವವನು ಎಂದು ಚಾನೆಲ್‌ನವರ ಬಾಯಲ್ಲಿ ಕೇಳಬೇಕಾಗಿತ್ತು. ಕೇಳಿದ್ದೆ ಕೂಡ, ಊಟದ ಹೊತ್ತಿನಲ್ಲಿ, ಹೋಳಿಗೆ ತಿನ್ನುತ್ತಾ.

ಮತ್ತೆ ಬನ್ನಿ ಎಂದು ಕರೆಯಲಿಲ್ಲ. ಇನ್ನು ಅವರು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕರವಸ್ತ್ರಗಳನ್ನು ಸ್ಟೂಲಿನ ಮೇಲಿಟ್ಟು ಏಳುತ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಆ ಮುದುಕಿ ಬಂದರು. ಕೈಯಲ್ಲಿ ಸ್ಟೀಲಿನ ಲೋಟ. ಸೊಸೆಯ ಕಡೆ ತಿರುಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಲೋಟ ಕೊಟ್ಟು, ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, ನಾನು ಮೊದಲ ಗುಟುಕು ಕುಡಿಯುವವರೆಗೆ ನಿಂತರು.

"ಚಾ ಬರೋಬ್ಬರಿ ಆಗೈತೇನ್ರಿ?" ಎಂದು ನೆಲ ನೋಡುತ್ತಾ ಕೇಳಿದರು.