ಕಾರಿಗಲ್ಲ, ಚಕ್ಕಡಿಗೆ

ಧಡ್, ಧಡ್, ಧಡ್. ಆಮೇಲೆ ಒಂದು ಕಡೆ ಮಾತ್ರ ಧಪ್. ಕಟ್ಟಿಗೆಯ ಕೊಡತಿ ಟಾಯರಿನ ಮೇಲೆ ಬೀಳುವ ಆ ಸದ್ದು ಮಧ್ಯಾಹ್ನದ ಹೊತ್ತು ಮನೆ ಸುಮ್ಮನಿರುವಾಗ ನನಗೆ ಈಗಲೂ ಕೇಳಿಸುತ್ತದೆ. ‘ಧಪ್’ ಅಂದ ಜಾಗದಲ್ಲಿ ಕೊಡತಿ ನಿಂತುಬಿಡುತ್ತಿತ್ತು. ಮೊರಬದ ಬಸ್ ಸ್ಟ್ಯಾಂಡಿನ ಬಾಜೂಕ, ಬೇವಿನ ಗಿಡದ ಕೆಳಗೆ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಹಿರಿಯರೊಬ್ಬರು, ಸ್ಟೆತಸ್ಕೋಪ್ ಹಚ್ಚಿದ ಡಾಕ್ಟರಂತೆ ಕಣ್ಣು ಮುಚ್ಚಿ, ಅಲ್ಲೇ ಇನ್ನೊಮ್ಮೆ ಬಡಿದು ಕೇಳುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಅವರ ಅಪ್ಪ ಚರ್ಮದ ಕೆಲಸದವರು. ಕಾಕಾನ ಕಾಲಕ್ಕೆ ಚರ್ಮ ಹೋಗಿ ರಬ್ಬರ್ ಬಂದಿತ್ತು, ಆದರೆ ದಬ್ಬಣ ಅದೇ, ಕೈ ಅದೇ. ಅಂಗಡಿಯ ತಗಡಿನ ಮೇಲೆ ಬುದ್ಧನ ಕ್ಯಾಲೆಂಡರ್, ಅದರ ಕೆಳಗೆ ಹಳೇ ಟಾಯರುಗಳ ಮೂರು ರಾಶಿ. ಮೂರು ಯಾಕೆ ಎಂದು ಒಮ್ಮೆ ಕೇಳಿದ್ದೆ. ಒಂದು ಇನ್ನೂ ಮೋಟಾರಿಗೆ ನಡೆಯುವಂಥದ್ದು, ಒಂದು ಎತ್ತಿನ ಚಕ್ಕಡಿಗೆ, ಒಂದು ಚಪ್ಪಲಿಗೆ ಎಂದರು. ಕೆಟ್ಟುಹೋದ ಟಾಯರ್ ಎಂಬ ನಾಲ್ಕನೆಯ ರಾಶಿ ಅಲ್ಲಿರಲಿಲ್ಲ.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಡ್ರೈವಿಂಗ್ ಕಲಿಸಿದ್ದು ನಮ್ಮಪ್ಪ. ಮದುವೆಯಾಗಿ ಮೊರಬದ ಒಕ್ಕಲುಮನೆಗೆ ಬಂದಾಗ ಅಲ್ಲಿ ಮಾವನವರ ಹಳೇ ಬಿಳಿ ಕಾರು ಇತ್ತು, ನನ್ನ ಬಿ.ಎ., ಬಿ.ಎಡ್. ಸರ್ಟಿಫಿಕೇಟುಗಳು ಟ್ರಂಕಿನ ತಳದಲ್ಲಿದ್ದವು. ಎಂಬತ್ತರ ದಶಕದ ನಡುವೆ, ಒಂದು ಜೂನ್ ತಿಂಗಳಲ್ಲಿ, ನಮ್ಮ ತಾಲೂಕಿನ ಹೈಸ್ಕೂಲೊಂದರ ಇಂಗ್ಲಿಷ್ ಟೀಚರ್ ಹುದ್ದೆಗೆ ಹುಬ್ಬಳ್ಳಿಯಲ್ಲಿ ಇಂಟರ್‌ವ್ಯೂ ಬಂತು. ಮಾವನವರು ಎರಡು ದಿನ ಯೋಚಿಸಿ ಹೇಳಿದರು: “ನೀನ ಕಾರ್ ನಡಿಸ್ಕೊಂಡ ಹೋಗು. ಸುರಳೀತ ಹೋಗಿ ಸುರಳೀತ ಬಂದ್ರ ನೌಕರಿ ಮಾಡು. ನಡುದಾರ್ಯಾಗ ಎಲ್ಲೆರೆ ನಿಂತಿ ಅಂದ್ರ, ಮತ್ತ ಈ ಮಾತ ಎತ್ತಬ್ಯಾಡ.” ಸಾಕ್ಷಿಗೆ ಮೈದುನನನ್ನು ಜೊತೆಗೆ ಕಳಿಸಿದರು.

ಆ ಬೆಳಿಗ್ಗೆ ನಾನು ಕಾರಿನ ಸುತ್ತ ಎರಡು ಸಲ ತಿರುಗಿದ್ದೆ. ಕಾನ್ವೆಂಟಿನ ಸಿಸ್ಟರ್ ನಮ್ಮ ಉಗುರು ನೋಡುತ್ತಿದ್ದ ಹಾಗೆ, ಪ್ರಾಪರ್ ಇನ್‌ಸ್ಪೆಕ್ಷನ್. ಹಿಂದಿನ ದಿನ ಮೈದುನ ಕಾರನ್ನು ಹೊಲಕ್ಕೆ ಒಯ್ದಿದ್ದರಿಂದ ಗಾಲಿಗಳಿಗೆ ಹೊಲದ ಕರೀ ಎರಿ ಮಣ್ಣು ರೊಟ್ಟಿಯಂತೆ ಮೆತ್ತಿತ್ತು. ಕೆರೆದು, ಒದ್ದೆ ಅರಿವೆಯಿಂದ ಒರೆಸಿದೆ. ಕರೀ ರಬ್ಬರ್ ಕರ್ರಗೆ ಮಿಂಚಿತು. ಎಲ್ಲ ಸರಿ ಇದೆ ಎಂದುಕೊಂಡೆ. ಕಾಕಾನ ಅಂಗಡಿಯ ಮುಂದೆ ನಿಂತದ್ದು ಬರೀ ಗಾಳಿ ಹಾಕಿಸಲಿಕ್ಕೆ.

ಅವರು ಪಂಪಿಗೆ ಕೈ ಹಚ್ಚುವ ಮೊದಲು ಕೊಡತಿ ತೆಗೆದರು. ಧಡ್, ಧಡ್, ಧಡ್. ಎಡಗಡೆಯ ಮುಂದಿನ ಗಾಲಿಯಲ್ಲಿ, ಧಪ್.

ತಂಬಿಗೆಯಲ್ಲಿ ನೀರು ತಂದು ಅಲ್ಲಿ ಸುರಿದರು. ಹೆಬ್ಬೆರಳಿನಿಂದ ತಿಕ್ಕಿದರು. ಒಣಗಿದ್ದ ಎರಿ ಮಣ್ಣು ಕರಗಿ ಇಳಿಯಿತು, ಅದರ ಹಿಂದೆ, ಟಾಯರಿನ ಪಕ್ಕಡಿಯಲ್ಲಿ, ಅಂದರೆ ಬದಿಯ ಮೈಯಲ್ಲಿ, ಬೆರಳುದ್ದದ ಸೀಳು. ನಾನು ರಬ್ಬರ್ ಎಂದುಕೊಂಡು ಒರೆಸಿ ಮಿಂಚಿಸಿದ್ದು ಮಣ್ಣನ್ನು! ನಮ್ಮ ಕಡೆಯ ಹೊಲದಲ್ಲಿ ಕಲ್ಲಿಲ್ಲ; ಬದುವಿನ ಮೇಲೆ ನಿಲ್ಲಿಸಿದ್ದ, ಹೊಲ ಹರಗುವ ಕುಂಟಿಯ ಕಬ್ಬಿಣದ ಅಲಗು ತಾಗಿತ್ತು. ಮೈದುನ ಅದನ್ನು ಆಗ ಒಪ್ಪಲಿಲ್ಲ, ಗೆರೆ ಬಿದ್ದಿದೆ ಅಷ್ಟೇ, ಒಳಗಿಂದ ಒಂದು ಪಟ್ಟಿ ಹಾಕಿದರೆ ಬೆಳಗಾವಿಗೂ ಹೋಗಬಹುದು ಎಂದ.

ಕಾಕಾ ವಾದ ಮಾಡಲಿಲ್ಲ. ಜ್ಯಾಕ್ ಕೊಟ್ಟು ಗಾಲಿ ಬಿಚ್ಚಿದರು. ಗಾಳಿ ಇಳಿಸಿ, ಸೀಳಿನ ತುಟಿಗಳನ್ನು ಎರಡು ಹೆಬ್ಬೆರಳಿನಿಂದ ಅಗಲಿಸಿ, ದಬ್ಬಣದ ಮೊಂಡು ತುದಿಯನ್ನು ಒಳಗಿಟ್ಟು ಆಳ ನೋಡಿದರು. ಟಾಯರ್ ತೆಗೆದು ಒಳಮೈ ಮೇಲೆ ಅಂಗೈ ಆಡಿಸಿದರು. ಆಮೇಲೆ ನನ್ನ ಕೈ ಹಿಡಿಯದೆ, ಬರೀ ಜಾಗ ತೋರಿಸಿ, ನೀವೇ ಮುಟ್ಟಿ ನೋಡಿ ಎಂದರು. ಮುಟ್ಟಿದೆ. ಹರಿದ ಚಾಪೆಯ ಅಂಚಿನ ಹಾಗೆ ನೂಲು ಕಿತ್ತುಬಂದಿತ್ತು. ಹೊರಗೆ ಬೆರಳುದ್ದ, ಒಳಗೆ ಗೇಣು. ನನ್ನ ಕಾನ್ಫಿಡೆನ್ಸೆಲ್ಲ ಆ ನೂಲಿನ ಜೊತೆಗೇ ಬಿಚ್ಚಿಹೋಯಿತು.

ಪ್ಲೀಸ್ ಕಾಕಾ, ನಿಧಾನ ಹೋದರೆ ಏನೂ ಆಗುವುದಿಲ್ಲ ಅಲ್ಲವೇ ಎಂದು ಕೇಳಿದೆ. ದೊಡ್ಡ ಮನೆಯ ಸೊಸೆ ಹೌದೆನ್ನಿಸಲಿಕ್ಕೆ ಕೇಳುತ್ತಿದ್ದಾಳೆ ಎಂಬುದು ಅವರಿಗೆ ಗೊತ್ತಿತ್ತು. ಹೌದು ಅಂದಿದ್ದರೆ ಅವರಿಗೆ ಸುಲಭವಿತ್ತು.

“ಏನೂ ಆಗೂದಿಲ್ಲ ಅನ್ನೂ ಮಾತು ನನ್ನ ಅಂಗಡ್ಯಾಗ ಇಲ್ರಿ ಅವ್ವಾರ,” ಎಂದರು. “ಅಂಗಾಲಿಗೆ ಮುಳ್ಳು ನಟ್ರ ಕುಂಟಕೋತ ನಡೀಬಹುದು. ಪಕ್ಕಡಿಗೆ ನಟ್ರ? ಟಾಯರ್ ತಿರಗಿದಷ್ಟು ಸಲ ಈ ಪಕ್ಕಡಿ ಉಸರಾಡತೈತ್ರಿ. ಇಲ್ಲಿ ಪಟ್ಟಿ ನಿಲ್ಲೂದಿಲ್ಲ. ಇದು ಇನ್ನ ಕಾರಿಂದಲ್ಲ, ಚಕ್ಕಡೀದು.”

ಸ್ಟೆಪ್ನಿ ಹಾಕೋಣ ಎಂದು ಡಿಕ್ಕಿ ತೆಗೆದರೆ ಅಲ್ಲಿ ಹಿಂಡಿಯ ಚೀಲ ಕೂತಿತ್ತು. ಮೈದುನ ಬೇವಿನ ಗಿಡ ನೋಡತೊಡಗಿದ. ನಮ್ಮ ಮನೆಯ ಚಕ್ಕಡಿಯೊಂದಕ್ಕೆ ಹುಬ್ಬಳ್ಳಿಯ ಗುಜರಿಯಿಂದ ತಂದ ಕಾರಿನ ಆಕ್ಸಲ್ ಅಚ್ಚು ಹಾಕಿಸಿದ್ದರು. ಸ್ಟೆಪ್ನಿ ಸುಮ್ಮನೆ ಕೂತು ತಿನ್ನುವುದೇಕೆ ಎಂದು ಅದನ್ನೂ ಚಕ್ಕಡಿಗೆ ಜೋಡಿಸಿ ಬಿತ್ತನೆಗೆ ಕಳಿಸಿದ್ದರು. ಟಾಯರನ್ನೂ ದುಡಿಯುವ ಆಳೆಂದು ತಿಳಿದ ಮನೆ ನಮ್ಮದು.

ಕಾಕಾ ನಗಲಿಲ್ಲ. ಚಕ್ಕಡಿ ಎಲ್ಲಿದೆ ಎಂದಷ್ಟೇ ಕೇಳಿದರು. ತಿರ್ಲಾಪುರದ ದಾರಿಯ ಹೊಲದಲ್ಲಿ. “ಹಂಗಾರ ಇದು ಅಲ್ಲಿಗೆ, ಅದು ಇಲ್ಲಿಗೆ,” ಎಂದು ಮೈದುನನಿಗೆ ತಮ್ಮ ಸೈಕಲ್ ಕೊಟ್ಟರು. ಅವನು ಗೊಣಗುತ್ತ ಹೋಗಿ, ಸುಮಾರು ಹೊತ್ತಿನ ಮೇಲೆ ಎತ್ತು, ಆಳು, ಬೀಜದ ಚೀಲ ಸಮೇತ ಚಕ್ಕಡಿಯನ್ನೇ ತಂದು ಕಾರಿನ ಮಗ್ಗುಲಿಗೆ ನಿಲ್ಲಿಸಿದ. ಚಹದಂಗಡಿಯ ಕಟ್ಟೆಯಿಂದ ಯಾರೋ, “ಏನ್ರೀ ಸಾವಕಾರ್ರ, ಕಾರಿಗೆ ಎತ್ತು ಹೂಡ್ತೀರೇನು?” ಎಂದರು. ನಾನು ವಾಚ್ ನೋಡುತ್ತಿದ್ದೆ. ಹನ್ನೊಂದಕ್ಕೆ ಇಂಟರ್‌ವ್ಯೂ, ಮೊರಬದಲ್ಲೇ ಹತ್ತೂವರೆ.

ಚಕ್ಕಡಿಯಿಂದ ಬಿಚ್ಚಿದ ಗಾಲಿಯನ್ನು ತಕ್ಷಣ ಹಾಕಿಬಿಡುತ್ತಾರೆ ಎಂದುಕೊಂಡೆ. ಇಲ್ಲ. ಅದಕ್ಕೂ ನೀರು, ಅದಕ್ಕೂ ಕೊಡತಿ, ಅದಕ್ಕೂ ಅಂಗೈ. ಎರಡು ಜಾಲಿ ಮುಳ್ಳುಗಳನ್ನು ಇಕ್ಕಳದಿಂದ ಕಿತ್ತು, ತೂತಿನ ಮೇಲೆ ಎಂಜಲು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಾದರು. ನನ್ನ ಅವಸರ ಅವರಿಗೆ ಕಾಣುತ್ತಿತ್ತು, ಆದರೆ ಅದು ಅವರ ಕೈಗೆ ತಗಲಲಿಲ್ಲ. ಮುಂದೆ ಎಷ್ಟೋ ವರ್ಷ ಉತ್ತರಪತ್ರಿಕೆ ತಿದ್ದುವಾಗ, ಕೊನೆಯ ಕಟ್ಟಿಗೆ ಬಂದು ಕಣ್ಣು ಸೋತಾಗ, ಆ ಎರಡನೆಯ ಗಾಲಿಯನ್ನು ನೆನೆಸಿಕೊಂಡಿದ್ದೇನೆ.

ಹುಬ್ಬಳ್ಳಿ ಮುಟ್ಟಿದಾಗ ಹನ್ನೆರಡು ದಾಟಿತ್ತು. ಗುಮಾಸ್ತರು ಫೈಲು ಕಟ್ಟುತ್ತಿದ್ದರು. ಸೀರೆಯ ಸೆರಗಿಗೆ ಕರೀ ಮಣ್ಣು ಹತ್ತಿಸಿಕೊಂಡ ನನ್ನನ್ನು ಯಾಕೋ ಒಳಗೆ ಬಿಟ್ಟರು. ತಡವಾದದ್ದೇಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು; ನಾನು ಇಂಗ್ಲಿಷಿನಲ್ಲಿ ಸೀಳು, ನೂಲು, ಚಕ್ಕಡಿ ಎಲ್ಲ ಹೇಳಿದೆ. ಕಮಿಟಿಯ ಹಿರಿಯರೊಬ್ಬರು ಬೇರೇನೂ ಕೇಳಲಿಲ್ಲ. ಇದನ್ನೇ ಎಂಟನೇ ಇಯತ್ತೆಯ ಹುಡುಗಿಯರಿಗೆ ತಿಳಿಯುವ ಹಾಗೆ ಬೋರ್ಡಿನ ಮೇಲೆ ಹೇಳಿ ನೋಡೋಣ ಎಂದರು. ಟಾಯರಿನ ಚಿತ್ರ ಬರೆದು ಪಕ್ಕಡಿ ತೋರಿಸಿದೆ.

ಸಂಜೆಯ ಬಿಸಿಲಿರುವಾಗಲೇ ಮನೆಗೆ ಬಂದೆವು. ಮಾವನವರು ಕಾರಿನ ನಾಲ್ಕೂ ಗಾಲಿ ನೋಡಿ, ಮೈದುನನ ಮುಖ ನೋಡಿದರು. “ವೈನಿ ಎಲ್ಲೂ ನಿಂದ್ರಿಲ್ಲಪ್ಪಾ. ಊರಾಗಷ್ಟ ನಿಂತಿದ್ವಿ,” ಎಂದ ಅವನು. ಪುಣ್ಯಾತ್ಮ, ಸುಳ್ಳೇನೂ ಹೇಳಲಿಲ್ಲ. ಆರ್ಡರ್ ಬಂದ ದಿನ ಮಾವನವರೇ ಟ್ರಂಕಿನಿಂದ ಸರ್ಟಿಫಿಕೇಟು ತೆಗೆಸಿ ಫ್ರೇಮ್ ಹಾಕಿಸಿದರು.

ಆ ಸೀಳಿನ ಟಾಯರ್ ಬಿತ್ತನೆಯಿಂದ ಹತ್ತಿ ಬಿಡಿಸುವ ತನಕ ಚಕ್ಕಡಿಯಲ್ಲಿ ನಡೆಯಿತು. ಒಂದು ಮಧ್ಯಾಹ್ನ, ಹತ್ತಿ ಹೇರಿಕೊಂಡು ಬರುವಾಗ, ಸೀಳಿದ ಪಕ್ಕಡಿಯಲ್ಲೇ ಒಡೆಯಿತು. ಎತ್ತು ಬೆದರಿ ನಿಂತವು, ಚಕ್ಕಡಿ ಒಂದು ಕಡೆ ವಾಲಿತು, ಅಷ್ಟೇ. ನಾನು ಅದೇ ಟಾಯರಿನ ಮೇಲೆ ಹುಬ್ಬಳ್ಳಿಯ ರಸ್ತೆಯಲ್ಲಿ ಇರಬಹುದಾಗಿತ್ತು. ಮೈದುನ ತಾನಾಗಿಯೇ ಅದನ್ನು ಕಾಕಾನ ಅಂಗಡಿಗೆ ಹೊತ್ತು ಒಯ್ದು ಮೂರನೇ ರಾಶಿಗೆ, ಚಪ್ಪಲಿಯದಕ್ಕೆ, ಹಾಕಿ ಬಂದ.

ಕಾಕಾನನ್ನು ನಾನು ಕೊನೆಯ ಸಲ ಕಂಡದ್ದು ಮೂರ್ನಾಲ್ಕು ವರ್ಷದ ಮೇಲೆ, ನನಗೆ ಧಾರವಾಡದ ಸ್ಕೂಲಿಗೆ ವರ್ಗವಾಗಿ ಹೊರಟ ಬೆಳಿಗ್ಗೆ. ಅವರು ಯಮನೂರಿನ ಬಸ್ಸಿಗೆ ಕಾಯುತ್ತಿದ್ದರು, ಅಂಗಡಿ ಮುಚ್ಚಿತ್ತು, ಕೈಯಲ್ಲಿ ಕೊಡತಿ ಇರಲಿಲ್ಲ. ಆದರೂ ಬಂದು ನಾಲ್ಕೂ ಗಾಲಿಗಳನ್ನು ಬೆರಳಿನ ಗಂಟಿನಿಂದ ಬಡಿದು ಕೇಳಿದರು. “ಡಿಕ್ಕಿ ತಗೀರಿ ಅಕ್ಕೋರ,” ಎಂದರು. ಟೀಚರಾದ ಮೇಲೆ ಅವರು ನನ್ನನ್ನು ಊರಿನ ಮಕ್ಕಳಂತೆ ಅಕ್ಕೋರ ಎಂದೇ ಕರೆಯುತ್ತಿದ್ದರು. ತೆಗೆದೆ. ಸ್ಟೆಪ್ನಿ ತನ್ನ ಜಾಗದಲ್ಲಿತ್ತು. ಅದನ್ನೂ ಬಡಿದರು. ಹೋಗಿ ಬರ್ರಿ ಎಂದರು.

ಬಸ್ಸು ಬಂತು. ರಾತ್ರಿ ಮಳೆಯಾಗಿ ನೆಲ ಹಸಿಯಾಗಿತ್ತು. ಅವರು ದಾಟಿಹೋದ ಕಡೆ ಎರಿ ಮಣ್ಣಿನಲ್ಲಿ ಚಪ್ಪಲಿಯ ಹೆಜ್ಜೆ ಮೂಡಿದ್ದವು, ಒಂದೊಂದು ಹೆಜ್ಜೆಯಲ್ಲೂ ನಮ್ಮ ಕಾರಿನ ಟಾಯರಿನ ಅಚ್ಚು.