ಎದುರು ಮನೆಯ ಮೂರನೇ ಊದುಬತ್ತಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ತಲೆತುಂಬ ಕೂದಲು, ಅವರಮ್ಮನದೇ ಮೂಗು, ಅತ್ತರೆ ಕೆಳಗಿನ ಅಂಗಡಿಯವನೂ ತಲೆಯೆತ್ತಿ ನೋಡಬೇಕು, ಅಂಥ ಗಂಟಲು. ಸಿಕ್ಕಸಿಕ್ಕವರಿಗೆಲ್ಲ ಫೋನು ಮಾಡಿ ಹೇಳಿದ್ದಾಯಿತು. ಸಾಲದು ಅನ್ನಿಸಿ ಈಗ ಬರೆಯಲು ಕೂತಿದ್ದೇನೆ. ಅವಳು ಹುಟ್ಟಿದ ದಿನ ನಾನು ಮಾಡಿದ ಎಡವಟ್ಟು ನೆನೆದರೆ ಈಗ ನಗು ಬರುತ್ತದೆ. ಆವತ್ತು ಮಾತ್ರ ಅತ್ತುಬಿಟ್ಟಿದ್ದೆ.

ಈ ಚಳಿಗಾಲದ ಶುರುವಿನಲ್ಲಿ ಮಗಳು ರೇಖಾಳ ಹೆರಿಗೆಗೆಂದು ಮೈಸೂರಿನಿಂದ ಕತಾರಿಗೆ ಬಂದೆ. ಅಳಿಯ ಮಹೇಶನಿಗೆ ಇಲ್ಲಿ ಆಫೀಸಿನ ಕೆಲಸ. ಮನೆ ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಅಮ್ಮನ ಪಕ್ಕ ಊದುಬತ್ತಿ ಹೊಸೆಯಲು ಕೂತವಳು. ಹಾಗಾಗಿ ಪೆಟ್ಟಿಗೆಯಲ್ಲಿ ಸೀರೆಗಿಂತ ಊದುಬತ್ತಿಯೇ ಹೆಚ್ಚಿತ್ತು. ಇಲ್ಲಿ ನೋಡಿದರೆ ಬಸುರಿ ಮಗಳಿಗೆ ಅದರ ವಾಸನೆ ಬಂದರೇ ವಾಕರಿಕೆ. "ಅಮ್ಮಾ, ಪ್ಲೀಸ್, ದೇವರಿಗೆ ದೀಪ ಸಾಕು. ಹೊಗೆ ಬೇಡ" ಅಂದುಬಿಟ್ಟಳು.

ಆದರೆ ಎದುರು ಫ್ಲಾಟಿನ ಬಾಗಿಲ ಸಂದಿಯಿಂದ ದಿನಾ ಬೆಳಿಗ್ಗೆ ಸಣ್ಣಗೆ ಘಮ ಬರುತ್ತಿತ್ತು. ನಮ್ಮ ಬತ್ತಿಗಳ ಹಾಗೆ ಮಲ್ಲಿಗೆ, ಕೇದಿಗೆ ಅಲ್ಲ. ಗಂಧದ ಚೆಕ್ಕೆ ಸುಟ್ಟ ಹಾಗೆ, ಬರೀ ಮರದ ವಾಸನೆ. ಯಾರು ಇವರು, ಏನು ಹಚ್ಚುತ್ತಾರೆ ಅಂತ ತಡೆಯಲಾರದೆ ಒಂದು ದಿನ ಬೆಲ್ ಒತ್ತಿಯೇಬಿಟ್ಟೆ. ಬಾಗಿಲು ತೆಗೆದವರು ನನಗಿಂತ ಸ್ವಲ್ಪ ದೊಡ್ಡವರು. ಹೆಸರು ಮೇ ಲಿನ್, ಮಲೇಷಿಯಾದ ಚೀನೀ ಮನೆತನ, ಇಲ್ಲಿ ಮಗನ ಜೊತೆ ಇದ್ದಾರೆ. ನಾನು ಕೈಸನ್ನೆ ಶುರುಮಾಡುವಷ್ಟರಲ್ಲಿ "ವಾಂಗ, ವಾಂಗ" ಅಂದರು, ಬನ್ನಿ ಬನ್ನಿ ಅಂತ. ತಮಿಳು! ಅವರ ಊರಿನಲ್ಲಿ ಅಕ್ಕಪಕ್ಕದವರೆಲ್ಲ ತಮಿಳರಂತೆ. ನಾವು ಬತ್ತಿ ಹೊಸೆಯುತ್ತಿದ್ದ ಬೀದಿಯಲ್ಲೂ ಅರ್ಧ ಜನ ತಮಿಳರೇ. ಅವರದೂ ಹರಕು ತಮಿಳು, ನನ್ನದೂ ಹರಕು. ಅಂದಿನಿಂದ ಅವರು ನನಗೆ ಅಕ್ಕ, ನಾನು ಅವರಿಗೆ ತಂಗಚ್ಚಿ. ಅವರ ಮಾತನ್ನು ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ಅವರ ಮನೆಯಲ್ಲಿ ಒಂದು ಕೆಂಪು ಗೂಡು. ಮೇಲೆ ಬಿಳಿ ಸೀರೆ ಉಟ್ಟ ಹಾಗೆ ಕಾಣುವ ಕರುಣೆಯ ತಾಯಿ, ಬುದ್ಧನ ಕಡೆಯವಳು. ಕೆಳಗೆ ಗಡ್ಡದ ತಾತ, ಜಾಗ ಕಾಯುವವನು, ಚೀನೀಯರ ತಾವೋ ಧರ್ಮದ ಕಡೆಯವನು. "ಇಬ್ಬರಿಗೂ ಜಗಳ ಇಲ್ಲವಾ?" ಅಂದೆ. "ನಾನು ಇಬ್ಬರಿಗೂ ಹಣ್ಣು ಇಡ್ತೀನಲ್ಲ, ಯಾಕೆ ಜಗಳ?" ಅಂದರು.

ಅವರು ಬೂದಿ ತುಂಬಿದ ಬಟ್ಟಲಿಗೆ ಮೂರು ಬತ್ತಿ ಸಿಕ್ಕಿಸುವುದನ್ನು ನೋಡುತ್ತಾ ನಿಂತೆ. ಅದೂ ಎಡಗೈಯಲ್ಲಿ!

"ಅಯ್ಯೋ ಅಕ್ಕಾ, ಎಡಗೈಯಲ್ಲಾ?"

"ಬಲಗೈಯಲ್ಲೇ ಅಲ್ವಾ ತಂಗಚ್ಚಿ ಮೀನು ಕೊಯ್ಯೋದು, ಕೋಳಿ ಕೊಯ್ಯೋದು? ಪಾಪದ ಕೈ. ಎಡಗೈ ಏನೂ ಮಾಡಿಲ್ಲ."

ನಾನು ನನ್ನ ಎರಡು ಕೈಯನ್ನೂ ನೋಡಿಕೊಂಡೆ. ಇಷ್ಟು ವರ್ಷ ಯಾರೂ ಹೀಗೆ ಹೇಳಿರಲಿಲ್ಲ.

ಮೂರು ಯಾಕೆ ಅಂದರೆ ಆಕಾಶಕ್ಕೊಂದು, ಭೂಮಿಗೊಂದು, ಮನುಷ್ಯನಿಗೊಂದು ಅಂದರು. ಬುದ್ಧನಿಗೆ, ಅವನ ಮಾತಿಗೆ, ಅವನ ಜನಕ್ಕೆ ಅಂತಲೂ ಹೇಳುತ್ತಾರಂತೆ. ಹೊಗೆ ಮೇಲೇರಿದರೆ ನಮ್ಮ ಮಾತೂ ಜೊತೆಗೆ ಮೇಲೇರುತ್ತದಂತೆ. ಬಾಯಿಂದ ಊದಿ ಆರಿಸಬಾರದು, ಅದು ನಮ್ಮಲ್ಲೂ ಹಾಗೇ. ಉರಿದ ಬೂದಿ ಉದುರದೆ ಸುರುಳಿ ಸುತ್ತಿ ನಿಂತರೆ ಕೇಳಿದ್ದು ನಡೆಯುತ್ತದಂತೆ. ನಾನು ಹೊಸೆದ ಬತ್ತಿಗಳು ಯಾವ ಯಾವ ಮನೆಯಲ್ಲಿ ಹೇಗೆ ಉರಿದವೋ, ಒಂದು ದಿನವೂ ಯೋಚಿಸಿರಲಿಲ್ಲ. ದಿನಾ ಹೋಗಿ ಒಂದೊಂದು ಕೇಳುವುದೇ ನನಗೆ ಕೆಲಸವಾಯಿತು.

ಹೆರಿಗೆ ನೋವು ಬಂದಿದ್ದು ಬೆಳಗಿನ ಹೊತ್ತು. ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬರನ್ನೇ ಬಿಡುವುದು ಅಂತ ಮಹೇಶ ಹೋದರು, ನಾನು ಮನೆಯಲ್ಲೇ ಉಳಿದೆ. ಮಧ್ಯಾಹ್ನ ಫೋನು ಬಂತು.

"ಅತ್ತೆ, ಮಗುವಿನ ಎದೆಬಡಿತ ಇಳೀತಿದೆಯಂತೆ. ಈಗಲೇ ಆಪರೇಷನ್ ಅಂತಿದ್ದಾರೆ. ನೀವು ಗಾಬರಿಯಾಗ್ಬೇಡಿ" ಅಂದರು. ಅದನ್ನೇ ಮತ್ತೆ ಮತ್ತೆ ಹೇಳಿದರು.

ಖಾಲಿ ಮನೆಯಲ್ಲಿ ನಿಲ್ಲಲಾಗಲಿಲ್ಲ. ಎದುರು ಬಾಗಿಲು ತೆರೆದಿತ್ತು, ನುಗ್ಗಿದೆ. ಅಕ್ಕ ಅಡುಗೆಮನೆಯಲ್ಲಿದ್ದರು. ನಾನು ಗೂಡಿನ ಮುಂದಿದ್ದ ಕಟ್ಟಿನಿಂದ ಮೂರರ ಲೆಕ್ಕ ಮರೆತು, ನಮ್ಮ ಮನೆಯಲ್ಲಿ ಮಾಡುವ ಹಾಗೆ ಜೋಡಿ ಬತ್ತಿ ತೆಗೆದು, ಹಚ್ಚಿ, ಬಟ್ಟಲಿಗೆ ಸಿಕ್ಕಿಸಿ, "ತಾಯೀ, ನನ್ನ ಮಗಳು, ಅವಳ ಮಗು" ಅಂತ ಕೈಮುಗಿದೆ.

ಹಿಂದಿನಿಂದ ಅಕ್ಕ ಚೀರಿದರು. "ತಂಗಚ್ಚಿ! ಎರಡಾ? ಎರಡು ಸತ್ತವರಿಗೆ!"

ತಕ್ಷಣ ಕೀಳಲು ಕೈ ಚಾಚಿದೆ. "ಕೀಳಬೇಡ! ಹಚ್ಚಿದ ಮೇಲೆ ಕೀಳಬಾರದು!" ಅಂತ ಕೈ ಹಿಡಿದರು. ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದೆ. ಮಗಳು ಆಪರೇಷನ್ ಕೋಣೆಯಲ್ಲಿ, ನಾನು ಇಲ್ಲಿ ಅವಳ ಹೆಸರಿನಲ್ಲಿ ಸತ್ತವರ ಬತ್ತಿ ಹಚ್ಚಿದ್ದೇನೆ. ಇದರಿಂದ ಏನಾದರೂ ಆದರೆ ಯಾರಿಗೆ ಮುಖ ತೋರಿಸಲಿ?

ಅಕ್ಕ ಬೇಗ ಮೂರನೇ ಬತ್ತಿ ಹಚ್ಚಿ ಎಡಗೈಯಲ್ಲಿ ಪಕ್ಕಕ್ಕೆ ಸಿಕ್ಕಿಸಿದರು. ಆಮೇಲೆ ಗೂಡಿನ ಮುಂದೆ ನಿಂತು ಅವರ ಭಾಷೆಯಲ್ಲಿ ಮಾತಾಡಲು ಶುರುಮಾಡಿದರು. ಪ್ರಾರ್ಥನೆಯ ಹಾಗೆ ಇರಲಿಲ್ಲ. ಬೀದಿ ನಲ್ಲಿಯ ಹತ್ತಿರ ವಾದ ಮಾಡಿದ ಹಾಗಿತ್ತು. ನಡುನಡುವೆ ನನ್ನ ಕಡೆ ಬೆರಳು ತೋರಿಸಿದರು, ಒಮ್ಮೆ ಬಾಗಿಲ ಕಡೆ, ಒಮ್ಮೆ ತಮ್ಮ ಹೊಟ್ಟೆಯ ಕಡೆ.

"ಏನು ಹೇಳಿದಿರಿ?" ಅಂದೆ, ಅಳುತ್ತಲೇ.

"ಇವಳು ಇಂಡಿಯಾದವಳು, ಇವಳ ಊರಿನಲ್ಲಿ ಎರಡು ಅಂದರೆ ಒಳ್ಳೇದು. ನೀನು ತಪ್ಪು ತಿಳಿದುಕೊಂಡು ಆಸ್ಪತ್ರೆ ಕಡೆ ಯಾರನ್ನೂ ಕಳಿಸಬೇಡ ಅಂದೆ." ಆಮೇಲೆ ತಾವೂ ಕಣ್ಣೊರೆಸಿಕೊಂಡು ಕೇಳಿದರು, "ನಿಮ್ಮಲ್ಲಿ ಸತ್ತವರಿಗೆ ಎಷ್ಟು?"

"ಒಂದೇ. ನಮ್ಮ ಮನೆಯಲ್ಲಿ ಒಂಟಿ ಬತ್ತಿ ಹಚ್ಚಿದರೆ ಹೆಣದ ಮುಂದೆ."

"ಒಂದಾ? ನಮ್ಮಲ್ಲಿ ಒಂದು ಒಳ್ಳೇದು! ಆತುರದಲ್ಲಿ ನಾನು ಒಂದೇ ಹಚ್ಚೋದು!"

ಅಂಥ ಹೊತ್ತಿನಲ್ಲೂ ಇಬ್ಬರಿಗೂ ನಗು ಬಂದುಬಿಟ್ಟಿತು. ನಕ್ಕ ಮೇಲೆ ಮತ್ತೆ ಭಯ. ಒಬ್ಬರ ಕೈ ಒಬ್ಬರು ಹಿಡಿದು ಮೂರನೇ ಬತ್ತಿಯ ಬೂದಿಯನ್ನೇ ನೋಡುತ್ತಾ ಕೂತೆವು. ಬೂದಿ ಉದ್ದವಾಯಿತು, ಸ್ವಲ್ಪ ಬಾಗಿತು. ಉಸಿರು ತಾಗಿ ಉದುರೀತೆಂದು ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

ಫೋನು ಹೊಡೆದುಕೊಂಡಿತು. "ಅತ್ತೆ, ಹೆಣ್ಣುಮಗು! ಇಬ್ಬರೂ ಚೆನ್ನಾಗಿದ್ದಾರೆ! ಕೇಳಿಸ್ತಿದೆಯಾ?" ಅಂದರು ಮಹೇಶ. ಹಿಂದೆ ಅಳು ಕೇಳಿಸಿತು. ಆ ಅಳುವನ್ನು ಅಕ್ಕನ ಕಿವಿಗೂ ಹಿಡಿದೆ. ನಾವು ಅತ್ತು, ತಬ್ಬಿಕೊಂಡು, ಮತ್ತೆ ಗೂಡಿನ ಕಡೆ ತಿರುಗುವ ಹೊತ್ತಿಗೆ ಬತ್ತಿ ಪೂರ್ತಿ ಉರಿದಿತ್ತು. ಬೂದಿ ಸುರುಳಿ ಸುತ್ತಿತೋ ಉದುರಿತೋ ಇಬ್ಬರೂ ನೋಡಲೇ ಇಲ್ಲ.

ಈ ನಂಬಿಕೆಗಳಲ್ಲಿ ಯಾವುದು ನಿಜ ಅಂತ ನನಗೆ ಗೊತ್ತಿಲ್ಲ. ಇನ್ನೂ ಕೇಳುತ್ತಲೇ ಇದ್ದೇನೆ. ಆದರೆ ನನ್ನ ಪರವಾಗಿ ಒಬ್ಬರು ತಮ್ಮ ದೇವರ ಹತ್ತಿರ ಅಷ್ಟು ಹೊತ್ತು ವಾದ ಮಾಡಿದರಲ್ಲ, ಅದು ಮಾತ್ರ ನಿಜ.

ಮಗು ಮನೆಗೆ ಬಂದ ದಿನ ಸಂಜೆ ನಾನು ಮೆಣಸು, ಬೆಳ್ಳುಳ್ಳಿ ಅರೆದು ಬಾಣಂತಿ ಸಾರು ಮಾಡಿದೆ. ಅಕ್ಕನೂ ಅವರ ಮಗನೂ ಬಂದರು, ಶುಂಠಿ ಹಾಕಿ ಬೇಯಿಸಿದ ಕೋಳಿಯ ಪಾತ್ರೆ ಹಿಡಿದು. "ಎರಡು ಕಡೆಯಿಂದಲೂ ಖಾರ! ನನ್ನನ್ನು ಉಳಿಸಿ" ಅಂದಳು ರೇಖಾ. ಬಾಣಂತಿ ಕೋಣೆ ಬಿಟ್ಟು ಬರಬಾರದು ಅಂತ ಹಟ ಹಿಡಿದಿದ್ದ ನಾನೇ ಅವಳನ್ನು ಮೆಲ್ಲಗೆ ಎಬ್ಬಿಸಿ ಎಲ್ಲರ ನಡುವೆ ಕೂರಿಸಿದೆ. ಮಹೇಶ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಉಂಡರು. ಅಕ್ಕ ಸಾರನ್ನವನ್ನು ಕೈಯಲ್ಲೇ ಕಲಸಿ ತಿಂದು, ತಟ್ಟೆ ಮುಂದೆ ಚಾಚಿ, "ಇನ್ನೂ ಸ್ವಲ್ಪ ಹಾಕು, ತಂಗಚ್ಚಿ" ಅಂದರು.