ಏಣಿ ಹಿಡಿದು ನಿಂತ ಟೈಲರಮ್ಮ

ಆ ಬೀದಿಯ ಅಂಗಡಿಗಳ ಬೋರ್ಡೆಲ್ಲ ಒಂದು ಕಾಲಕ್ಕೆ ಒಂದೇ ಕೈಬರಹದಲ್ಲಿದ್ದವು. ಔಷಧಿ ಅಂಗಡಿಯಾಗಲಿ, ಛತ್ರಿ ರಿಪೇರಿಯಾಗಲಿ, ಹಲ್ಲಿನ ಡಾಕ್ಟರಾಗಲಿ, ಅದೇ ದುಂಡನೆಯ ಅಕ್ಷರ, ಕೊನೆಯ ಅಕ್ಷರಕ್ಕೆ ಬೇಕಿಲ್ಲದಿದ್ದರೂ ಒಂದು ಪುಟ್ಟ ಬಾಲ. ಬರೆದವನನ್ನು ಊರೆಲ್ಲ ಆರ್ಟಿಸ್ಟ್ ಅನ್ನುತ್ತಿತ್ತು. ಈಗ ಆ ಬೋರ್ಡುಗಳಿಲ್ಲ, ಆರ್ಟಿಸ್ಟೂ ಇಲ್ಲ. ಅವನ ಹೆಂಡತಿ ಟೈಲರಮ್ಮ ಇದ್ದಾಳೆ.

ಅವರಿಬ್ಬರ ಪರಿಚಯವಾದದ್ದೂ ಬೋರ್ಡಿನಿಂದಲೇ. ಆಕೆಗೆ ಆಗ ಇಪ್ಪತ್ತು ವರ್ಷ. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಹೆಂಗಸರ, ಮಕ್ಕಳ ಬಟ್ಟೆ ಹೊಲಿಯಲು ಶುರುಮಾಡಿದ್ದಳು. ಬಾಗಿಲ ಮೇಲೆ ನಾಲ್ಕು ಪದ ಬರೆಯಲು ಬಂದವನು ಮೂರು ದಿನ ತೆಗೆದುಕೊಂಡ. ಮೂರನೆಯ ದಿನ ಆಕೆಯ ಅಪ್ಪ ಹೊರಗೆ ಬಂದು, “ಏನಪ್ಪಾ, ಬೋರ್ಡ್ ಬರೀತಿದ್ದೀಯೋ, ಇಲ್ಲೇ ಬಿಡಾರ ಹೂಡಿದ್ದೀಯೋ?” ಎಂದು ಕೇಳಿದರು.

“ಬಣ್ಣ ಒಣಗ್ತಾ ಇಲ್ಲ ಸಾರ್,” ಅಂದ ಅವನು. ನೆತ್ತಿ ಸುಡುವ ಬಿಸಿಲು. ಒಳಗೆ ಕೂತಿದ್ದ ಆಕೆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮುಂದಿನ ವರ್ಷ ಚರ್ಚಿನಲ್ಲಿ ಮದುವೆಯಾಯಿತು, ಮರುವರ್ಷ ಮಗಳು ಹುಟ್ಟಿದಳು. ಸಂಜೆ ಕೆಲಸ ಮುಗಿಸಿ ಬಂದವನು ಕತ್ತರಿಸುವ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು, ಆಕೆಯ ಸೀಮೆಸುಣ್ಣದಿಂದ ಚೂರು ಬಟ್ಟೆಗಳ ಮೇಲೆ ಕುದುರೆ ಬರೆಯುತ್ತಿದ್ದ. “ಅದು ಗಿರಾಕಿ ಬಟ್ಟೆ ರೀ,” ಎಂದು ಆಕೆ ಗದರುತ್ತಿದ್ದಳು. ಆ ಏಳು ವರ್ಷ ಹೇಗೆ ಕಳೆದವೋ ಗೊತ್ತೇ ಆಗಲಿಲ್ಲ.

ಆಮೇಲೆ ಬಂದರಿನ ಊರಿನಿಂದ ದೊಡ್ಡ ಕೆಲಸವೊಂದು ಬಂತು. ಹೊಸ ಹೋಟೆಲು, ಒಳಗೂ ಹೊರಗೂ ಗೋಡೆ ತುಂಬ ಬರೆಯಬೇಕು. ಮೂರು ತಿಂಗಳು ಅಂತ ಹೇಳಿ ಹೋದ. ವಾರಕ್ಕೊಂದು ಬರುತ್ತಿದ್ದ ಕಾಗದ ತಿಂಗಳಿಗೊಂದಾಯಿತು, ಆಮೇಲೆ ಅದೂ ನಿಂತಿತು. ಕಡೆಗೆ ಅವನ ದೊಡ್ಡಪ್ಪನ ಮಗ ಬಂದು, ನೆಲ ನೋಡುತ್ತ ವಿಷಯ ಹೇಳಿದ. ಹೋಟೆಲಿನ ಟೆಲಿಫೋನ್ ನೋಡಿಕೊಳ್ಳುವ ಹೆಂಗಸಿನ ಜೊತೆ ಮನೆ ಮಾಡಿದ್ದಾನಂತೆ.

ಟೈಲರಮ್ಮ ಅಳಲಿಲ್ಲ. ಆದರೆ ಮರುದಿನ ನೂಲು ತರಲು ಹೊರಟವಳಿಗೆ ಬೀದಿಯಲ್ಲಿ ನಡೆಯಲಾಗಲಿಲ್ಲ. ತಲೆ ಎತ್ತಿದಲ್ಲೆಲ್ಲ ಅವನ ಅಕ್ಷರ. ಎಷ್ಟೋ ತಿಂಗಳು ಆಕೆ ಚರಂಡಿ ಪಕ್ಕದ ಹಿಂದಿನ ಓಣಿಯಲ್ಲೇ ಓಡಾಡಿದಳು.

ಆಗ ಆಕೆಯ ಬೆನ್ನಿಗೆ ನಿಂತವಳು ಅತ್ತೆ. “ನಾನು ನಿನ್ನ ಹತ್ರಾನೇ ಇರ್ತೀನಿ ಕಣೆ. ಆ ಹೊಟ್ಟೇಲಿ ಹುಟ್ಟಿದವನ ಮುಖ ನೋಡಲ್ಲ,” ಅಂದಿದ್ದಳು. ಯಾರ ಹೊಟ್ಟೆ ಎಂಬುದನ್ನು ಸಿಟ್ಟಿನಲ್ಲಿ ಮರೆತೇಬಿಟ್ಟಿದ್ದಳು.

ಪಾದ್ರಿಗಳು ಮನೆಗೆ ಬಂದು ಪ್ರಾರ್ಥನೆ ಮಾಡಿ, “ಹೊಟ್ಟೆಗೆ ಹಾಕ್ಕೊಂಡುಬಿಡಮ್ಮ,” ಅಂದರು.

“ಹಾಕ್ಕೊಂಡಿದ್ದೀನಿ ಅಯ್ಯನವರೇ. ಅರಗ್ತಾ ಇಲ್ಲ,” ಅಂದಳು ಟೈಲರಮ್ಮ.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನು ಬಾಗಿಲಲ್ಲಿ ಬಂದು ನಿಂತ. ಬಡಕಲಾಗಿದ್ದ. ಆಕೆ ಶಾಲೆಯ ಆಯಾಳ ತೋಳಿನ ಅಳತೆ ತೆಗೆದುಕೊಳ್ಳುತ್ತಿದ್ದಳು. ಅಳತೆ ಮುಗಿಸಿ, ಬರೆದುಕೊಂಡು, ಆಯಾಳನ್ನು ಕಳಿಸಿದ ಮೇಲೆ ಅವನತ್ತ ತಿರುಗಿದಳು. ಎಷ್ಟೋ ದಿನದಿಂದ ಬೈಗುಳ ಜೋಡಿಸಿಟ್ಟುಕೊಂಡಿದ್ದಳು. ಬಾಯಿಂದ ಬಂದದ್ದು, “ಊಟ ಆಗಿದ್ಯಾ?” ಆ ಮಾತಿಗೆ ಒಂದು ವಾರ ತನ್ನನ್ನೇ ತಾನು ಶಪಿಸಿಕೊಂಡಳು.

ಅವನಿಗೆ ಮಿಷನ್ ಕೋಣೆಯಲ್ಲಿ ಚಾಪೆ ಸಿಕ್ಕಿತು. ಅತ್ತೆ ಕಾಫಿ ಕೂಡ ಬಗ್ಗಿಸಿ ಕೊಡುತ್ತಿರಲಿಲ್ಲ. “ಕೈ ಇದ್ಯಲ್ಲ, ಹಾಕ್ಕೊಂಡು ಕುಡಿ,” ಅನ್ನುತ್ತಿದ್ದಳು. ಮಗಳು ಅವನನ್ನು ಕಂಡರೆ ಬಾಗಿಲ ಹಿಂದೆ ಹೋಗುತ್ತಿದ್ದಳು. ಅವನು ಭಾನುವಾರ ಚರ್ಚಿಗೆ ಬಂದು ಅದೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬ ಸಾಲು ಬಂದರೆ ಟೈಲರಮ್ಮ ಬಾಯಿ ಮುಚ್ಚಿಬಿಡುತ್ತಿದ್ದಳು. ದೇವರ ಮುಂದೆ ಸುಳ್ಳು ಹೇಳಲು ಮನಸ್ಸು ಬರುತ್ತಿರಲಿಲ್ಲ. ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದಳು. ಇಷ್ಟು ಜನದ ದನಿಯಲ್ಲಿ ಇದು ಯಾರಿಗೆ ಗೊತ್ತಾಗಬೇಕು ಅಂದುಕೊಂಡಿದ್ದಳು.

ಹೀಗೆ ಎಂಟು ತಿಂಗಳು ಹೋಯಿತು. ಆ ವರ್ಷ ಚರ್ಚಿಗೆ ಬಣ್ಣ ಹೊಡೆಸಿದರು. ಒಳಗೋಡೆಯ ಮೇಲೆ ಅದೇ ಪ್ರಾರ್ಥನೆಯನ್ನು ದೊಡ್ಡದಾಗಿ ಬರೆಸಬೇಕೆಂದು ತೀರ್ಮಾನವಾಯಿತು. ಆರ್ಟಿಸ್ಟನ ಹೆಸರು ಬಂದದ್ದೇ ತಡ, ಕಮಿಟಿಯ ಹಿರಿಯರೊಬ್ಬರು ಎದ್ದುನಿಂತು, “ಅಂಥವನ ಕೈಯಲ್ಲಿ ದೇವರ ವಾಕ್ಯ ಬರೆಸೋದಾ?” ಅಂದರು. ಸಭೆ ಪಿಸುಗುಟ್ಟಿತು. ಬೆಂಚಿನ ತುದಿಯಲ್ಲಿದ್ದವನು ಎದ್ದು ಹೊರಗೆ ಹೋಗಲು ನೋಡಿದ.

ಟೈಲರಮ್ಮನಿಗೆ ಯಾಕೋ ಮೈಯೆಲ್ಲ ಉರಿಯಿತು. ಅವನನ್ನು ಅನ್ನಬೇಕಾದವಳು ತಾನು, ಇವರು ಯಾರು? ಎದ್ದು ನಿಂತು, “ಶುದ್ಧವಾದ ಕೈನೇ ಬೇಕು ಅಂದ್ರೆ ಗೋಡೆ ಖಾಲಿನೇ ಇರುತ್ತೆ ದೊಡ್ಡೋರೇ. ಅಕ್ಷರ ಚೆನ್ನಾಗಿರಬೇಕು ಅಂದ್ರೆ ಇವರ ಹತ್ರ ಬರೆಸಿ,” ಎಂದು ಹೇಳಿ ಕೂತಳು. ಪಾದ್ರಿಗಳು ಕನ್ನಡಕ ಒರೆಸಿಕೊಳ್ಳುತ್ತ, “ಸರಿ, ಸೋಮವಾರದಿಂದ ಶುರುವಾಗಲಿ,” ಅಂದರು.

ಕೆಳಗೆ ಏಣಿ ಹಿಡಿದು ಸಾಲು ಓದಿ ಹೇಳಲು ಒಬ್ಬರು ಬೇಕಿತ್ತು. ಬೇರೆ ಯಾರೂ ಬರಲಿಲ್ಲ, ಆಕೆಯೇ ಹೋದಳು. ಮೊದಲೆರಡು ದಿನ ಪದ ಬಿಟ್ಟು ಬೇರೆ ಮಾತಿಲ್ಲ. ಮೂರನೆಯ ದಿನ ಆ ಸಾಲು ಬಂತು. ಆಕೆ ಓದಿದಳು. ಮೇಲೆ ಕುಂಚ ನಿಂತಿತು.

“ಇದನ್ನೂ ಬರೀಲಾ?”

“ಪುಸ್ತಕದಲ್ಲಿದೆ. ಬರೀರಿ.”

“ಭಾನುವಾರ ನೀನು ಇದನ್ನ ಹೇಳಲ್ವಲ್ಲ.”

ಟೈಲರಮ್ಮ ತಲೆ ಎತ್ತಿ ನೋಡಿದಳು. ಇಷ್ಟು ತಿಂಗಳೂ ಅವನು ಆ ಒಂದು ದನಿಯನ್ನೇ ಕೇಳಿಸಿಕೊಳ್ಳುತ್ತಿದ್ದನೆ?

ಅವನು ಗೋಡೆಗೆ ಮುಖ ಮಾಡಿಕೊಂಡೇ ಹೇಳಿದ. “ತಪ್ಪು ಮಾಡಿದೆ ಕಣೆ. ನಿನಗೆ ಮಾಡ್ದೆ, ಮಗುಗೆ ಮಾಡ್ದೆ. ಆ ಹೆಂಗಸಿಗೂ ಮಾಡ್ದೆ. ನನಗೆ ಯಾರೂ ಇಲ್ಲ ಅಂತ ಹೇಳಿದ್ದೆ ಅವಳಿಗೆ. ನಿನ್ನ ಹಳೇ ಕಾಗದ ಸಿಕ್ಕಿದ ದಿನ ಅವಳೇ ನನ್ನ ಪೆಟ್ಟಿಗೆ ಆಚೆ ಇಟ್ಟಳು. ನಾನಾಗೇ ಬಂದೆ ಅಂತ ಹೇಳ್ಕೊಳ್ಳೋಕೂ ಮುಖ ಇಲ್ಲ.”

ಮೊದಲು ಆಕೆಗೆ ಚುರುಕ್ ಎಂದಿತು. ಆ ಹೆಂಗಸಿನ ಮಾತು ಇಲ್ಲಿ ಯಾಕೆ? ಸ್ವಲ್ಪ ಹೊತ್ತು ಕಳೆದ ಮೇಲೆ, ಅವನು ಆಡಿದ ಮಾತುಗಳಲ್ಲಿ ತಾನು ನಂಬಬಹುದಾದ ಮೊದಲ ಮಾತು ಅದೇ ಅನ್ನಿಸಿತು. ತನ್ನನ್ನು ಒಲಿಸಿಕೊಳ್ಳಲು ಹೇಳುವವನಾಗಿದ್ದರೆ ಇದನ್ನು ನುಂಗಿಕೊಳ್ಳುತ್ತಿದ್ದ.

“ನನಗೆ ಇನ್ನೂ ಆಗ್ತಿಲ್ಲ ರೀ. ಆದಾಗ ಹೇಳ್ತೀನಿ. ನೀವು ಬರೀರಿ, ನಾನು ಹಿಡ್ಕೊಂಡಿದ್ದೀನಿ,” ಅಂದಳು.

ಹೇಳುವ ಸಂದರ್ಭ ಮಾತ್ರ ಬರಲೇ ಇಲ್ಲ. ಒಂದು ದಿನ ಅವನ ಯಾವುದೋ ತಮಾಷೆಗೆ ಜೋರಾಗಿ ನಕ್ಕುಬಿಟ್ಟಳು. ಅಡುಗೆಮನೆಯಿಂದ ಅತ್ತೆ ಇಣುಕಿ ನೋಡಿದಳು. ಆ ವಾರ ಚಾಪೆ ಮಿಷನ್ ಕೋಣೆಯಿಂದ ಎದ್ದಿತು. ಭಾನುವಾರ ಆ ಸಾಲನ್ನು ತಾನು ಹೇಳಿದೆನೆಂಬುದು ಆಕೆಗೆ ಹೊಳೆದದ್ದು ಪ್ರಾರ್ಥನೆ ಮುಗಿದ ಮೇಲೆ. ಅಲ್ಲಿಗೇ ಎಲ್ಲ ಮುಗಿಯಿತೆಂದೂ ಅಲ್ಲ. ಅವನು ಪರವೂರಿನ ಕೆಲಸಕ್ಕೆ ಹೋದಾಗಲೆಲ್ಲ ಹಳೆಯ ಹುಣ್ಣು ಕೆದಕಿದಂತಾಗುತ್ತಿತ್ತು. ಮತ್ತೆ ಮೊದಲಿನಿಂದ ಕ್ಷಮಿಸಬೇಕಾಗುತ್ತಿತ್ತು. “ಬೈಬಲಲ್ಲಿ ಏಳು ಎಪ್ಪತ್ತು ಸಲ ಕ್ಷಮಿಸು ಅಂತಾರಲ್ಲ ಅಯ್ಯನವರೇ, ಅದು ಏಳು ಎಪ್ಪತ್ತು ತಪ್ಪಿಗಲ್ಲ, ಒಂದೇ ತಪ್ಪಿಗೆ,” ಎಂದು ಒಮ್ಮೆ ಪಾದ್ರಿಗಳಿಗೆ ಹೇಳಿದ್ದಳು. ಅವರು ಅದನ್ನು ಮುಂದಿನ ಭಾನುವಾರದ ಪ್ರಸಂಗದಲ್ಲಿ ಸೇರಿಸಿಕೊಂಡರು.

ಹಾಗೇ ಮೂವತ್ತೊಂದು ವರ್ಷ ಬಾಳಿದರು. ಮಗಳ ಮದುವೆ ಕರೆಯೋಲೆಯನ್ನು ಅವನೇ ಕೈಯಲ್ಲಿ ಬರೆದ. ಅತ್ತೆ ಸಾಯುವ ಮುಂಚೆ ಮಗನ ಕೈಯಿಂದ ಕಾಫಿ ಕುಡಿದಳು. ಅವನು ಹೋಗಿ ಈಗ ನಾಲ್ಕು ವರ್ಷ. ಮಣ್ಣು ಮಾಡಿ ಬಂದ ವಾರವೇ ಟೈಲರಮ್ಮ ಬಂದರಿನ ಊರಿನ ಆ ಹೋಟೆಲಿನ ವಿಳಾಸಕ್ಕೆ, ಟೆಲಿಫೋನ್ ನೋಡಿಕೊಳ್ಳುತ್ತಿದ್ದಾಕೆಗೆ ಎಂದು ಬರೆದು, ಅವನು ತೀರಿಕೊಂಡ ಸುದ್ದಿ ತಿಳಿಸಿ ಎರಡು ಸಾಲಿನ ಕಾಗದ ಹಾಕಿದಳು.

“ನಿನಗ್ಯಾಕಮ್ಮ ಬೇಕಿತ್ತು?” ಎಂದು ಮಗಳು ಕೇಳಿದಳು.

“ಹೇಳಬೇಕು ಅನ್ನಿಸ್ತು. ಹೇಳ್ದೆ.”

ಉತ್ತರ ಬರಲಿಲ್ಲ. ಆಕೆ ಕಾಯಲೂ ಇಲ್ಲ.

ಈಗಲೂ ವಾರಕ್ಕೆರಡು ಫ್ರಾಕು ಹೊಲಿಯುತ್ತಾಳೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾಳೆ. ಅವನಿಗೆ ಹಾಡಲು ಬರುತ್ತಿರಲಿಲ್ಲ. ಆದರೂ ದೊಡ್ಡ ಗಂಟಲಿನಲ್ಲಿ, ಎಲ್ಲರಿಗಿಂತ ಅರ್ಧ ತಾಳ ಹಿಂದೆ ಹಾಡುತ್ತಿದ್ದ. ಮುಂದಿನ ಬೆಂಚಿನ ಹೆಂಗಸರು ತಿರುಗಿ ನೋಡಿದರೆ ಆಕೆ ಮೊಣಕೈಯಿಂದ ತಿವಿಯುತ್ತಿದ್ದಳು. ಈಗ ಹಾಡು ಸರಿಯಾದ ತಾಳದಲ್ಲಿ ಮುಗಿಯುತ್ತದೆ. ಎಲ್ಲರೂ ಕೂತ ಮೇಲೂ ಟೈಲರಮ್ಮ ಒಂದು ಗಳಿಗೆ ನಿಂತೇ ಇರುತ್ತಾಳೆ.